ಕೋಣೆಯುಳ್ಳ ಮೋಟಾರು ದೋಣಿಗೆ ಎಣ್ಣೆ ಎಷ್ಟು ಬೇಕು?

ಶಿವಮೊಗ್ಗೆಯಿಂದ ಹೊನ್ನಾಳಿಯ ಕಡೆಗೆ ಹೊರಟವರು ಹೊಳಲೂರನ್ನು ತಲಪುವ ವೇಳೆಗೆ ತುಂಗೆ, ಭದ್ರೆ ಎಂಬ ಎರಡು ಹೆಸರುಗಳು ಕೂಡಿ ಒಂದೇ ಹೆಸರಾಗಿರುತ್ತವೆ. ಸಮೀಪದ ಕೂಡಲಿಯಲ್ಲಿ ಎರಡು ಹೊಳೆಗಳೂ ಸೇರಿ ತುಂಗಭದ್ರೆಯಾಗಿ ಉತ್ತರಾಭಿಮುಖವಾಗಿ ಹರಿಯುತ್ತವೆ. ಇಂಥ ನೀರಿನ ಬದಿಯಲ್ಲಿ ಬಾಳುವವರಿಗೆ ಒಂದಲ್ಲ ಒಂದು ದಿನ ದೋಣಿಯ ಆಸೆ ಹುಟ್ಟುವುದು ಸಹಜ. ನಾವು ಹೇಳುತ್ತಿರುವುದು ಹರಿಗೋಲಿನ ಮಾತಲ್ಲ. ಬಿಸಿಲಿಗೂ ಮಳೆಗೂ ತಲೆಮರೆಸಿಕೊಳ್ಳಲು ಒಂದು ಪುಟ್ಟ ಕೋಣೆ, ನಾಲ್ವರು ಮಲಗಲು ಹಲಗೆ, ಹಿಂದೆ ಒಂದು ಯಂತ್ರ, ಇಷ್ಟುಳ್ಳ ಸಣ್ಣ ಮೋಟಾರು ದೋಣಿಯ ಮಾತು. ಇಂಥ ದೋಣಿಯನ್ನು ಕೊಳ್ಳಬೇಕೆಂದಿರುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಲೀಟರಿಗೆ ಎಷ್ಟು ಕಿಲೋಮೀಟರು?

ಪ್ರಶ್ನೆ ನ್ಯಾಯವಾದುದೇ. ಆದರೆ ಇದು ನೆಲದ ಮೇಲೆ ಹುಟ್ಟಿದ ಪ್ರಶ್ನೆ. ಮೋಟಾರು ಕಾರಿನ ವಿಷಯದಲ್ಲಿ ಇದಕ್ಕೆ ಒಂದು ಅಂಕಿಯನ್ನು ಹೇಳಿದರೆ ಅದು ಬಹುಮಟ್ಟಿಗೆ ಸರಿಯಾಗಿರುತ್ತದೆ. ದೋಣಿಯ ವಿಷಯದಲ್ಲಿ ಒಂದೇ ದೋಣಿ, ಒಂದೇ ನೀರಿನಲ್ಲಿ, ಲೀಟರಿಗೆ 20 ಕಿಲೋಮೀಟರು ಹೋಗಬಹುದು, 2 ಕಿಲೋಮೀಟರನ್ನೂ ಮುಟ್ಟದೆ ಇರಬಹುದು. ಈ ಹತ್ತು ಮಡಿಯ ವ್ಯತ್ಯಾಸ ಯಂತ್ರವನ್ನು ಮಾಡಿದವನ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ದೋಣಿಯನ್ನು ನಡೆಸುವವನ ಕೈಯಲ್ಲಿದೆ. ಕಾರಣವನ್ನು ತಿಳಿಯಬೇಕಾದರೆ ನೀರು ದೋಣಿಯನ್ನು ಹೇಗೆ ತಡೆಯುತ್ತದೆ ಎಂಬುದನ್ನು ನೋಡಬೇಕು.

ನಿಧಾನವಾಗಿ ಸಾಗುವ ದೋಣಿಯನ್ನು ತಡೆಯುವುದು ಮುಖ್ಯವಾಗಿ ಘರ್ಷಣೆ. ದೋಣಿಯ ಮೈಗೆ ಅಂಟಿದ ನೀರಿನ ಪದರವನ್ನು ಅದು ತನ್ನೊಡನೆ ಎಳೆದುಕೊಂಡು ಹೋಗಬೇಕು. ವೇಗ ಹೆಚ್ಚಿದಂತೆ ಎರಡನೆಯ ತಡೆಯೊಂದು ಎದ್ದು ನಿಲ್ಲುತ್ತದೆ. ಮೂತಿ ನೀರನ್ನು ಸೀಳುವಲ್ಲಿ ಒಂದು ಅಲೆ ಏಳುತ್ತದೆ, ಹಿಂಬದಿಯಲ್ಲಿ ಇನ್ನೊಂದು. ಈ ಅಲೆಗಳನ್ನು ಎಬ್ಬಿಸಲು ಬೇಕಾದ ಶಕ್ತಿ ಎಲ್ಲಿಂದ ಬರಬೇಕು? ನಾವು ತೊಟ್ಟಿಗೆ ಸುರಿದ ಎಣ್ಣೆಯಿಂದಲೇ. ದಡದವರು ನೋಡಿ ಮೆಚ್ಚುವ ಆ ಸುಂದರವಾದ ಬಿಳಿಯ ನೊರೆಯ ಸಾಲು, ಲೆಕ್ಕದ ದೃಷ್ಟಿಯಿಂದ ನೋಡಿದರೆ, ದೋಣಿಯ ಹಿಂದೆ ಚೆಲ್ಲುತ್ತ ಬಂದ ಹಣ.

ಈ ಎರಡು ತಡೆಗಳನ್ನು ಬೇರೆ ಬೇರೆಯಾಗಿ ಎಣಿಸುವ ದಾರಿಯನ್ನು ತೋರಿಸಿದವನು ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಎಂಜಿನಿಯರು. 1810ರಲ್ಲಿ ಹುಟ್ಟಿದ ಈತ ಹಂಸ, ಕಾಗೆ ಎಂದು ಹೆಸರಿಟ್ಟ ಎರಡು ಬಗೆಯ ಮಾದರಿ ದೋಣಿಗಳನ್ನು ಎಳೆದು ನೋಡಿ, ಚಿಕ್ಕ ಮಾದರಿಯಿಂದ ದೊಡ್ಡ ಹಡಗಿನ ತಡೆಯನ್ನು ಊಹಿಸುವ ನಿಯಮವನ್ನು ಕಂಡುಹಿಡಿದನು. ಮುಂದೆ ಟಾರ್ಕಿ ಎಂಬಲ್ಲಿ ಇದಕ್ಕಾಗಿಯೇ ಉದ್ದನೆಯ ನೀರಿನ ತೊಟ್ಟಿಯೊಂದು ಸಿದ್ಧವಾಯಿತು. ಇಂದಿಗೂ ಹಡಗುಗಳ ಲೆಕ್ಕ ಆತನ ಹೆಸರಿನ ಸಂಖ್ಯೆಯಿಲ್ಲದೆ ಸಾಗದು.

ಅಲೆಗಳಿಗೆ ಒಂದು ಸ್ವಭಾವವುಂಟು: ಉದ್ದವಾದ ಅಲೆ ವೇಗವಾಗಿ ಓಡುತ್ತದೆ, ಗಿಡ್ಡ ಅಲೆ ನಿಧಾನವಾಗಿ ಓಡುತ್ತದೆ. ದೋಣಿಯ ವೇಗ ಹೆಚ್ಚಿದಂತೆ ಅದು ಎಬ್ಬಿಸುವ ಅಲೆಯೂ ಉದ್ದವಾಗುತ್ತ ಹೋಗಿ, ಕೊನೆಗೆ ಒಂದು ವೇಗದಲ್ಲಿ ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾಗುತ್ತದೆ. ಆಗ ಮೂತಿ ಒಂದು ಅಲೆಯ ನೆತ್ತಿಯ ಮೇಲೆ, ಹಿಂಬದಿ ಅದರ ಹಿಂದಿನ ಅಲೆಯ ನೆತ್ತಿಯ ಮೇಲೆ ಇರುತ್ತದೆ. ಇನ್ನೂ ವೇಗ ಬೇಕೆಂದರೆ ಹಿಂಬದಿ ತಗ್ಗಿಗೆ ಇಳಿದು, ದೋಣಿಯು ತಾನೇ ಎಬ್ಬಿಸಿದ ಗುಡ್ಡವನ್ನು ಹತ್ತುತ್ತ ಹೋಗಬೇಕು. ಆ ಗುಡ್ಡ ಎಂದೂ ಮುಗಿಯುವುದಿಲ್ಲ. ಏಕೆಂದರೆ ಅದು ದೋಣಿಯೊಡನೆಯೇ ಓಡುತ್ತಿರುತ್ತದೆ. ನೀರಿನ ಮಟ್ಟದಲ್ಲಿ 6 ಮೀಟರು ಉದ್ದವಿರುವ ದೋಣಿಗೆ ಈ ಎಲ್ಲೆ ಗಂಟೆಗೆ 11 ಕಿಲೋಮೀಟರು. 9 ಮೀಟರಿನ ದೋಣಿಗೆ ಗಂಟೆಗೆ ಸುಮಾರು ಹದಿಮೂರೂವರೆ ಕಿಲೋಮೀಟರು.

ಈ ಎಲ್ಲೆಯನ್ನು ದಾಟಲು ಸಾಧ್ಯವೇ ಇಲ್ಲವೆಂದಲ್ಲ. ಚಪ್ಪಟೆ ತಳದ ಹಗುರವಾದ ದೋಣಿಗೆ ಬಲವಾದ ಯಂತ್ರವನ್ನು ಹೂಡಿದರೆ ಅದು ಆ ಗುಡ್ಡವನ್ನು ಹತ್ತಿ, ನೀರಿನ ಮೇಲ್ಮೈಯಲ್ಲಿ ಜಾರುತ್ತ ಓಡಬಲ್ಲದು. ಕೆರೆಯ ನೀರಿನ ಮೇಲೆ ಹುಡುಗರು ಎಸೆಯುವ ಚಪ್ಪಟೆ ಬಿಲ್ಲೆಕಲ್ಲು ಪುಟಿಯುತ್ತ ಹೋಗುವುದನ್ನು ವಾಚಕರು ನೋಡಿಯೇ ಇರುತ್ತಾರೆ. ದೋಣಿ ಜಾರುವುದೂ ಹಾಗೆಯೇ. ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ಈಗ ನೋಡೋಣ.

ಲೆಕ್ಕಕ್ಕಾಗಿ ಒಂದು ದೋಣಿಯನ್ನು ಕಲ್ಪಿಸಿಕೊಳ್ಳೋಣ. ನೀರಿನ ಮಟ್ಟದಲ್ಲಿ ಅದರ ಉದ್ದ 6 ಮೀಟರು. ಜನ, ಎಣ್ಣೆ, ಸಾಮಾನು ಎಲ್ಲ ಸೇರಿ ತೂಕ 2 ಟನ್ನು. ಗಂಟೆಗೆ 8 ಕಿಲೋಮೀಟರು ವೇಗದಲ್ಲಿ ಇಂಥ ದೋಣಿಗೆ ಬರುವ ತಡೆ ಅದರ ತೂಕದ ನೂರರಲ್ಲಿ ಒಂದು ಭಾಗದ ಆಸುಪಾಸು. ಪ್ರೊಪೆಲರಿನಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಯಂತ್ರವು ಒದಗಿಸಬೇಕಾದ ಶಕ್ತಿ ಸುಮಾರು 1 ಕಿಲೋವ್ಯಾಟು, ಎಂದರೆ ಒಂದೂಕಾಲು ಅಶ್ವಶಕ್ತಿ, ಅಷ್ಟೆ! ಡೀಸೆಲ್ ಗಂಟೆಗೆ ಸುಮಾರು 0.4 ಲೀಟರು. ಗಂಟೆಗೆ 11 ಕಿಲೋಮೀಟರಿನ ಎಲ್ಲೆಯಲ್ಲಿ ತಡೆ ಮೂರೂವರೆ ಪಟ್ಟಾಗುತ್ತದೆ. ಬೇಕಾದ ಶಕ್ತಿ ನಾಲ್ಕು ಕಿಲೋವ್ಯಾಟನ್ನು ಮೀರುತ್ತದೆ. ಎಣ್ಣೆ ಗಂಟೆಗೆ 1.4 ಲೀಟರು. ಜಾರುವ ದೋಣಿಯನ್ನೇ ಕಟ್ಟಿಸಿ ಗಂಟೆಗೆ 30 ಕಿಲೋಮೀಟರು ಓಡಿಸಿದರೆ 50 ಕಿಲೋವ್ಯಾಟಿನಷ್ಟು ಶಕ್ತಿಯೂ ಗಂಟೆಗೆ 17 ಲೀಟರಿನಷ್ಟು ಎಣ್ಣೆಯೂ ಬೇಕಾಗುತ್ತವೆ.

ಈ ಅಂಕಿಗಳನ್ನು ಹೊಲಗದ್ದೆಯ ಭಾಷೆಗೆ ತಿರುಗಿಸಿ ಹೇಳಬಹುದು. ನೀರೆತ್ತುವ 5 ಅಶ್ವಶಕ್ತಿಯ ಡೀಸೆಲ್ ಪಂಪು ಗಂಟೆಗೆ ಹೆಚ್ಚುಕಡಿಮೆ 1 ಲೀಟರು ಎಣ್ಣೆ ಕುಡಿಯುತ್ತದೆಂಬುದು ಅದನ್ನು ನಡೆಸಿದ ಯಾವ ರೈತನಿಗಾದರೂ ಗೊತ್ತು. ನಮ್ಮ ದೋಣಿ 8 ಕಿಲೋಮೀಟರಿನಲ್ಲಿ ಸಾಗುವಾಗ ಅಂಥ ಪಂಪಿನ ಕಾಲು ಭಾಗದಷ್ಟು ಶಕ್ತಿಯನ್ನು ಬೇಡುತ್ತದೆ. 11ರಲ್ಲಿ ಒಂದು ಪೂರ್ತಿ ಪಂಪನ್ನು. 30ರಲ್ಲಿ ಹದಿಮೂರು ಪಂಪುಗಳನ್ನು ಒಟ್ಟಿಗೆ! ಡೀಸೆಲ್ಲಿಗೆ ಲೀಟರಿಗೆ 90 ರೂಪಾಯಿ ಎಂದು ಹಿಡಿದು, ದಿನಕ್ಕೆ 40 ಕಿಲೋಮೀಟರು ತಿರುಗಾಡುವುದೆಂದು ಇಟ್ಟುಕೊಂಡರೆ, ನಿಧಾನವಾಗಿ ಹೋದವನಿಗೆ 5 ಗಂಟೆಯ ಹೊತ್ತೂ 180 ರೂಪಾಯಿಯೂ ಬೇಕು. ಎಲ್ಲೆಯಲ್ಲಿ ಹೋದವನು ಒಂದು ಗಂಟೆ ಇಪ್ಪತ್ತು ನಿಮಿಷ ಉಳಿಸಿ ಸುಮಾರು 460 ರೂಪಾಯಿ ಕೊಡುತ್ತಾನೆ. ಜಾರುತ್ತ ಹೋದವನು ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಪ್ರಯಾಣವನ್ನೇ ಮುಗಿಸಿ ಎರಡು ಸಾವಿರವನ್ನು ಮೀರಿ ತೆರುತ್ತಾನೆ. ವಿಹಾರಕ್ಕೆಂದು ಹೊರಟವನು ವಿಹಾರವನ್ನು ಬೇಗ ಮುಗಿಸಲು ಇಷ್ಟು ಹಣ ಕೊಡುವುದು ವಿಚಿತ್ರವೆಂದೇ ನಮಗೆ ತೋರುತ್ತದೆ.

ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಮಡಿಯಾಗಬೇಕೆಂಬುದು ಎಂಜಿನಿಯರುಗಳ ಸ್ಥೂಲ ನಿಯಮ. ಮೇಲಿನ ಲೆಕ್ಕದಲ್ಲಿ 8ರಿಂದ 11ಕ್ಕೆ ಏರಿದಾಗ ಆ ನಿಯಮದಂತೆ ಶಕ್ತಿ ಎರಡೂವರೆ ಮಡಿಯ ಆಸುಪಾಸಿನಲ್ಲಿರಬೇಕಿತ್ತು. ಆದುದು ನಾಲ್ಕು ಮಡಿಗೂ ಹೆಚ್ಚು. ಎಲ್ಲೆಯ ಹತ್ತಿರ ಬಂದಾಗ ಅಲೆಯ ಗುಡ್ಡ ಕಡಿದಾಗುವುದೇ ಇದಕ್ಕೆ ಕಾರಣ. ಆದುದರಿಂದ ಎಲ್ಲೆಯಿಂದ ಒಂದೆರಡು ಕಿಲೋಮೀಟರು ಕೆಳಗೆ ನಿಲ್ಲುವವನಿಗೆ ಸಿಗುವ ಉಳಿತಾಯ ದೊಡ್ಡದು. ಅಡ್ಡಾದಿಡ್ಡಿ ಪಾಚಿ ಬೆಳೆದ ತಳ, ಮೊನೆ ಮುರಿದ ಪ್ರೊಪೆಲರು, ಬೇಡದ ಸಾಮಾನಿನ ಹೊರೆ, ಇವು ಈ ಉಳಿತಾಯವನ್ನು ಸದ್ದಿಲ್ಲದೆ ತಿಂದುಹಾಕುತ್ತವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಎಣ್ಣೆಯಲ್ಲಿ ಅಡಗಿರುವ ಶಕ್ತಿಗೇನೂ ಕೊರತೆಯಿಲ್ಲ. ಒಂದು ಲೀಟರು ಡೀಸೆಲ್ಲಿನಲ್ಲಿ ಸುಮಾರು 10 ಕಿಲೋವ್ಯಾಟ್-ಗಂಟೆಯಷ್ಟು ಶಾಖವಿದೆ. ಒಳ್ಳೆಯ ಯಂತ್ರ ಅದರ ಮೂರನೆಯ ಒಂದು ಭಾಗವನ್ನು ತಿರುಗುವ ಶಕ್ತಿಯಾಗಿಸುತ್ತದೆ. ಉಳಿದುದು ಹೊಗೆಯಾಗಿಯೂ ಬಿಸಿ ನೀರಾಗಿಯೂ ಹೋಗುತ್ತದೆ. ಸಣ್ಣ ಪ್ರೊಪೆಲರು ಮತ್ತೆ ಅರ್ಧವನ್ನು ನೀರನ್ನು ಕಲಕುವುದರಲ್ಲಿ ಕಳೆಯುತ್ತದೆ. ದೋಣಿಯನ್ನು ನಿಜವಾಗಿ ಮುಂದಕ್ಕೆ ತಳ್ಳುವುದು ಆರನೆಯ ಒಂದು ಭಾಗ.

ಇನ್ನು ಸೌಖ್ಯದ ವಿಚಾರ. ಕೋಣೆಯುಳ್ಳ ದೋಣಿಯನ್ನು ಬಯಸುವವರು ಬಯಸುವುದು ಸೌಖ್ಯವನ್ನೇ ತಾನೆ? ನಮ್ಮ ಸೀಮೆಯಲ್ಲಿ ಅದರ ಮೊದಲ ಶತ್ರು ಬಿಸಿಲು. ಮಧ್ಯಾಹ್ನದ ಸೂರ್ಯ ಒಂದು ಚದರ ಮೀಟರಿನ ಮೇಲೆ 1 ಕಿಲೋವ್ಯಾಟಿಗೆ ಹತ್ತಿರದ ಶಾಖವನ್ನು ಸುರಿಯುತ್ತಾನೆ. ಹತ್ತು ಚದರ ಮೀಟರಿನ ಮಾಡಿನ ಮೇಲೆ ಬೀಳುವುದು ದೋಣಿಯನ್ನು ನಡೆಸಲು ಬೇಕಾದುದರ ಒಂಬತ್ತು ಹತ್ತರಷ್ಟು. ಇದಕ್ಕೆ ಹವಾನಿಯಂತ್ರಕವೇ ಮದ್ದೆಂದು ಭಾವಿಸುವವರುಂಟು. ಆದರೆ ಒಂದು ಟನ್ನಿನ ಹವಾನಿಯಂತ್ರಕ ಹೀರುವ ವಿದ್ಯುತ್ತು ಸುಮಾರು 1 ಕಿಲೋವ್ಯಾಟು. 8 ಕಿಲೋಮೀಟರು ವೇಗದಲ್ಲಿ ಇಡೀ ದೋಣಿಯನ್ನು, ಅದರೊಳಗಿನ ಜನರನ್ನು, ಮುಂದೊಯ್ಯಲು ಬೇಕಾದುದೂ ಅಷ್ಟೇ! ಅಂದರೆ ನಿಧಾನವಾಗಿ ಸಾಗುವ ದೋಣಿಯಲ್ಲಿ ಕೋಣೆಯನ್ನು ತಂಪಾಗಿಡುವ ಖರ್ಚು ದೋಣಿಯನ್ನು ನಡೆಸುವ ಖರ್ಚಿಗೆ ಸಮ. ಲಂಗರು ಹಾಕಿ ನಿಂತ ರಾತ್ರಿಯಲ್ಲೂ ಅದು ಎಣ್ಣೆಯನ್ನು ಕೇಳುತ್ತದೆ. ಜನರೇಟರಿನ ಸದ್ದನ್ನು ಮೇಲೆ ಹೇರುತ್ತದೆ.

ಎಣ್ಣೆ ಕೇಳದ ಉಪಾಯಗಳು ಹಳೆಯವು. ಮಾಡಿಗೆ ಬಿಳಿಯ ಬಣ್ಣ. ಮಾಡಿನ ಮೇಲೆ ನಾಲ್ಕು ಬೆರಳು ಸಂದಿಯಿಟ್ಟು ಇನ್ನೊಂದು ಮಾಡು, ನಡುವೆ ಗಾಳಿ ಆಡುವಂತೆ. ಮುಂದೊಂದು ಹಿಂದೊಂದು ಕಿಟಕಿ. ಗೋಡೆಯ ಹೊರಕ್ಕೆ ಚಾಚಿದ ಸೂರು. ಮಲೆನಾಡಿನ ಮನೆಗಳನ್ನು ಕಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸೂರು, ಗೋಡೆ ಎತ್ತರವಾದಷ್ಟೂ ಗಾಳಿ ಹಿಡಿಯುವ ಮೈ ಹೆಚ್ಚುತ್ತದೆಂಬುದನ್ನು ಮಾತ್ರ ಮರೆಯಬಾರದು. ಎದುರುಗಾಳಿಯಲ್ಲಿ ಅದು ಎಣ್ಣೆಯನ್ನು ತಿನ್ನುತ್ತದೆ; ಅಡ್ಡಗಾಳಿಯಲ್ಲಿ ದಡ ಸೇರುವಾಗ ಚುಕ್ಕಾಣಿ ಹಿಡಿದವನ ಬೆವರಿಳಿಸುತ್ತದೆ.

ಎತ್ತರದ ಮಾಡಿನಿಂದ ಇನ್ನೊಂದು ಅಪಾಯವಿದೆ. ದೋಣಿಯ ತೂಕವೆಲ್ಲ ಒಂದು ಬಿಂದುವಿನಲ್ಲಿ ಇದೆಯೆಂದು ಭಾವಿಸಿದರೆ ಅದು ಗುರುತ್ವಕೇಂದ್ರ. ದೋಣಿ ವಾಲಿದಾಗ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ನೀರಿನ ಒತ್ತು ಹಾಯುವ ಮೇಲಿನ ಬಿಂದುವನ್ನು ಮೆಟಾಸೆಂಟರ್ ಎನ್ನುತ್ತಾರೆ. ಮೊದಲನೆಯದು ಎರಡನೆಯದಕ್ಕಿಂತ ಕೆಳಗಿರುವವರೆಗೆ ದೋಣಿ ಮಗುಚುವುದಿಲ್ಲ. ನಮ್ಮ ದೋಣಿಯಂಥವುಗಳಲ್ಲಿ ಈ ಅಂತರ ಅರ್ಧ ಮೀಟರಿನ ಆಸುಪಾಸು ಇರುತ್ತದೆನ್ನಬಹುದು. ಈಗ ತಲಾ 60 ಕಿಲೋಗ್ರಾಮಿನ ಐವರು ಒಳಗಿನಿಂದೆದ್ದು ಎರಡು ಮೀಟರು ಮೇಲಿನ ಮಾಡನ್ನು ಹತ್ತಿದರೆನ್ನಿ. ಗುರುತ್ವಕೇಂದ್ರ 30 ಸೆಂಟಿಮೀಟರು ಮೇಲಕ್ಕೇರುತ್ತದೆ. ಅಂತರದ ಅರ್ಧಕ್ಕಿಂತ ಹೆಚ್ಚು ಹೋಯಿತು! ಆ ಐವರೂ ಆನೆಯೋ ಮೊಸಳೆಯೋ ಕಂಡಿತೆಂದು ಒಂದೇ ಬದಿಗೆ ಸರಿದರೆ ಆಗುವುದನ್ನು ಹೇಳಬೇಕಾಗಿಲ್ಲ. ಚಿತ್ರ ತೆಗೆಯಲು ಮಾಡನ್ನು ಹತ್ತುವ ಈಗಿನ ವಾಡಿಕೆಯನ್ನು ಯಜಮಾನನು ಮೊದಲ ದಿನವೇ ನಿಷೇಧಿಸುವುದು ಲೇಸು.

ಪೆಟ್ರೋಲೋ ಡೀಸೆಲ್ಲೋ ಎಂಬ ಪ್ರಶ್ನೆ ಖರ್ಚಿನದೆಂದು ತೋರಿದರೂ ಅದಕ್ಕಿಂತ ಹೆಚ್ಚಾಗಿ ಪ್ರಾಣದ ಪ್ರಶ್ನೆ. 1886ರಲ್ಲಿ ಗಾಟ್‌ಲೀಬ್ ಡೈಮ್ಲರ್ ಜರ್ಮನಿಯ ನೆಕಾರ್ ಹೊಳೆಯಲ್ಲಿ ತನ್ನ ಮೋಟಾರು ದೋಣಿಯನ್ನು ನಡೆಸಿದಾಗ, ಜನರು ಪೆಟ್ರೋಲಿಗೆ ಹೆದರಿಯಾರೆಂದು ಅದರ ಸುತ್ತ ತಂತಿಗಳನ್ನೂ ಪಿಂಗಾಣಿ ಗುಂಡಿಗಳನ್ನೂ ಕಟ್ಟಿ ವಿದ್ಯುತ್ತಿನ ದೋಣಿಯೆಂಬಂತೆ ತೋರಿಸಿದನೆಂದು ಹೇಳುತ್ತಾರೆ. ಜನರ ಹೆದರಿಕೆ ಸುಳ್ಳಾಗಿರಲಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದ ಆವಿ ನೆಲಕ್ಕೆ ಬಿದ್ದು ಚದರಿ ಹೋಗುತ್ತದೆ. ದೋಣಿಯಲ್ಲಿ ಅದು ತಳದ ಬೋಗುಣಿಯಲ್ಲಿ ನೀರಿನಂತೆ ನಿಲ್ಲುತ್ತದೆ, ಒಂದು ಕಿಡಿಗಾಗಿ ಕಾಯುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಪೆಟ್ರೋಲು ಹೊತ್ತಬಲ್ಲ ಆವಿಯನ್ನು ಕೊಡುತ್ತದೆ. ಡೀಸೆಲ್ಲಿಗೆ 50 ಡಿಗ್ರಿಗಿಂತ ಮೇಲಿನ ಬಿಸಿ ಬೇಕು. ಒಳಗೆ ಪೆಟ್ರೋಲ್ ಯಂತ್ರವಿರುವ ದೋಣಿಯಲ್ಲಿ ಹೊರಡುವ ಮುನ್ನ ನಾಲ್ಕು ನಿಮಿಷವಾದರೂ ಗಾಳಿಯಂತ್ರವನ್ನು ನಡೆಸಿ ತಳವನ್ನು ಶುದ್ಧಗೊಳಿಸಬೇಕೆಂಬ ನಿಯಮ ಇದರಿಂದಲೇ ಬಂದುದು.

ಬೆಂಕಿಯಾದರೂ ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಕ್ಸಿಜನ್ನಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಪೆಟ್ಟಿಗೆಯಂಥ ಕೋಣೆಯುಳ್ಳ ದೋಣಿ ಮುಂದಕ್ಕೆ ಸಾಗುವಾಗ ಅದರ ಬೆನ್ನ ಹಿಂದೆ ಒತ್ತಡ ಕಡಿಮೆಯಾಗಿ, ಹಿಂದೆ ಬಿಟ್ಟ ಹೊಗೆ ತಿರುಗಿ ಕೋಣೆಯೊಳಕ್ಕೇ ಸೇದಿಕೊಂಡು ಬರುತ್ತದೆ. ಮಳೆಯೆಂದು ಮುಂದಿನ ಕಿಟಕಿಗಳನ್ನು ಮುಚ್ಚಿ ಹಿಂದಿನ ಬಾಗಿಲನ್ನು ತೆರೆದಿಟ್ಟವರು ತಲೆನೋವನ್ನು ನೀರಿನ ಓಲಾಟದ ಫಲವೆಂದು ಭಾವಿಸಿ ಮಲಗುತ್ತಾರೆ, ಏಳದೆ ಹೋಗಬಹುದು. ಮುಂದಿನ ಕಿಟಕಿ ತೆರೆದಿರಬೇಕು. ರಾತ್ರಿ ಜನರೇಟರನ್ನು ನಡೆಸುತ್ತ ಮುಚ್ಚಿದ ಕೋಣೆಯಲ್ಲಿ ಮಲಗಲೇಬಾರದು. ಈ ಅನಿಲವನ್ನು ಕಂಡು ಕೂಗುವ ಚಿಕ್ಕ ಯಂತ್ರಗಳು ಈಗ ದೊರೆಯುತ್ತವೆ. ಮೆತ್ತೆ ಪರದೆಗಳಿಗಿಂತ ಮೊದಲು ಕೊಳ್ಳಬೇಕಾದ ವಸ್ತು ಅದು. ಡೀಸೆಲ್ ಯಂತ್ರದ ಹೊಗೆಯಲ್ಲಿ ಈ ಅನಿಲ ಬಹಳ ಕಡಿಮೆಯೆಂಬುದು ಡೀಸೆಲ್ಲಿನ ಪರವಾದ ಇನ್ನೊಂದು ಮಾತು.

ಇಷ್ಟೆಲ್ಲ ತಿಳಿದು ದೋಣಿಯನ್ನು ಕೊಂಡೆವೆನ್ನಿ. ಹೊಳಲೂರಿನ ಹೊಳೆ ಅದಕ್ಕೆ ಒದಗೀತೆ? ಮಳೆಗಾಲದಲ್ಲಿ ತುಂಗೆ, ಭದ್ರೆ ಎರಡರ ಪ್ರವಾಹವೂ ಇಲ್ಲಿ ಕೂಡಿರುತ್ತದೆ. ಬೇಸಿಗೆಯಲ್ಲಿ ಬಂಡೆಗಳು ತಲೆಯೆತ್ತುತ್ತವೆ. ಬಂಡೆಗೆ ತಾಗಿದ ಪ್ರೊಪೆಲರು ಒಂದು ಕ್ಷಣದಲ್ಲಿ ಹಾಳಾಗುತ್ತದೆ. ಗೇಣುದ್ದದ ನೀರಿನಲ್ಲೂ ತೇಲುವ, ಕಲ್ಲಿಗೆ ತಾಗಿದರೆ ಬಾಗಿ ಜಾರುವ ಹರಿಗೋಲನ್ನು ಈ ಹೊಳೆಯ ಜನ ಆರಿಸಿಕೊಂಡದ್ದು ಅಜ್ಞಾನದಿಂದಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪೇಸ್, ಇದೇ ಹೊಳೆಯ ಕೆಳಗಿನ ಭಾಗದಲ್ಲಿ ಚರ್ಮ ಹೊದಿಸಿದ ಬುಟ್ಟಿಯಂಥ ದುಂಡು ದೋಣಿಗಳನ್ನು ನೋಡಿ ಬೆರಗಾಗಿ ಬರೆದಿದ್ದಾನೆ.

ಹರಿವಿಗೆ ಎದುರಾಗಿ ಹೋಗುವವನ ಎಣ್ಣೆಯ ಲೆಕ್ಕವೂ ಬೇರೆ. ಹೊಳೆ ಗಂಟೆಗೆ 4 ಕಿಲೋಮೀಟರು ಹರಿಯುತ್ತಿರುವಾಗ ದೋಣಿ ನೀರಿನಲ್ಲಿ 8 ಕಿಲೋಮೀಟರು ಸಾಗಿದರೂ ದಡದ ಮರಗಳ ಲೆಕ್ಕದಲ್ಲಿ ಮುಂದುವರಿಯುವುದು 4 ಮಾತ್ರ. ಕಿಲೋಮೀಟರಿಗೆ ತಗಲುವ ಎಣ್ಣೆ ಇಮ್ಮಡಿ. ಹಾಗೆಂದು ಬಹಳ ನಿಧಾನವಾಗಿ ಹೋದರೆ ನಿಂತಲ್ಲೇ ಎಣ್ಣೆ ಸುಟ್ಟಂತಾಗುತ್ತದೆ. ಎಲ್ಲಕ್ಕಿಂತ ಅಗ್ಗದ ವೇಗ ಯಾವುದು? ಮೇಲೆ ಹೇಳಿದ ಎಂಟು ಮಡಿಯ ನಿಯಮದಿಂದ ಸುಲಭವಾಗಿ ಸಾಧಿಸಬಹುದು: ಹರಿವಿನ ವೇಗದ ಒಂದೂವರೆಯಷ್ಟು.

ಆದುದರಿಂದ ಶಿವಮೊಗ್ಗೆಯ ಸೀಮೆಯಲ್ಲಿ ಕೋಣೆಯ ದೋಣಿಗೆ ತಕ್ಕ ನೀರೆಂದರೆ ಜಲಾಶಯಗಳದು. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ತುಂಬಿದಾಗ 71.5 ಟಿ.ಎಂ.ಸಿ. ಅಡಿ ನೀರು ನಿಲ್ಲುತ್ತದೆ. ಆದರೆ ಅದರ ಸುತ್ತ ಹುಲಿಗಳ ಮೀಸಲು ಅರಣ್ಯವಿದೆ. ನೀರು ಇಳಿದಾಗ ಏಳುವ ನಡುಗಡ್ಡೆಗಳ ಮರಳಿನಲ್ಲಿ ರೀವಗಳೆಂಬ ನೀರುಹಕ್ಕಿಗಳು ಮೊಟ್ಟೆಯಿಡುತ್ತವೆ. ಖಾಸಗಿ ದೋಣಿ ಇಲ್ಲಿ ಅನುಮತಿಯಿಲ್ಲದೆ ಇಳಿಯುವಂತಿಲ್ಲ; ಇಳಿದರೂ ಅಲೆಯೆಬ್ಬಿಸುವ ವೇಗ ಆ ಗೂಡುಗಳಿಗೆ ಒಳ್ಳೆಯದಲ್ಲ.

ಶರಾವತಿಯ ಹಿನ್ನೀರಿನಲ್ಲಿ ದೋಣಿಯ ಎಣ್ಣೆ ವಿಹಾರದ ಮಾತಾಗಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಸಾಗರ ತಾಲ್ಲೂಕಿನ ತುಮರಿ ಮೊದಲಾದ ಹಳ್ಳಿಗಳು ಆಚೆಯ ದಡದಲ್ಲಿ ಉಳಿದವು. ಹೊಳೆಬಾಗಿಲಿನ ಲಾಂಚು ಅವರ ರಸ್ತೆಯಾಯಿತು. ಅಕ್ಕಿ, ಅಡಿಕೆ, ಮದುವೆಯ ದಿಬ್ಬಣ, ಬಸ್ಸು, ಸಿಗಂದೂರಿನ ಯಾತ್ರಿಕರು ಎಲ್ಲರೂ ಅದರ ಮೇಲೆಯೇ ದಾಟಬೇಕಿತ್ತು. ತುಂಬಿದ ಲಾಂಚಿಗೂ ಇಬ್ಬರೇ ಇದ್ದ ಲಾಂಚಿಗೂ ಎಣ್ಣೆಯ ಖರ್ಚಿನಲ್ಲಿ ಹೆಚ್ಚಿನ ಅಂತರವಿಲ್ಲ. ಹಾಗಾಗಿ ಲಾಂಚು ತುಂಬುವವರೆಗೆ ಕಾಯಬೇಕೆಂಬುದು ಎಲ್ಲ ಕಡವುಗಳ ಅನುಭವ. ಕತ್ತಲಾದ ಮೇಲೆ ಅದು ನಡೆಯುತ್ತಿರಲಿಲ್ಲ. ರಾತ್ರಿ ಹೆರಿಗೆಯ ನೋವು ತಗುಲಿದವರ ಪಾಡನ್ನು ಊಹಿಸಿಕೊಳ್ಳಬಹುದು. ನೀರು ಬಹಳ ಇಳಿದ ಬೇಸಿಗೆಗಳಲ್ಲಿ ವಾಹನಗಳನ್ನು ಹತ್ತಿಸುವುದನ್ನು ನಿಲ್ಲಿಸಿದ್ದೂ ಉಂಟು. 2025ರ ಜುಲೈ 14ರಂದು ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ 2.44 ಕಿಲೋಮೀಟರು ಉದ್ದದ ಸೇತುವೆ ತೆರೆಯಿತು. ಅರುವತ್ತು ವರ್ಷ ಲಾಂಚಿನ ಗಂಟೆಯನ್ನು ನೋಡಿ ಬದುಕಿದವರಿಗೆ ಅದು ಏನೆಂಬುದನ್ನು ಅವರೇ ಬಲ್ಲರು.

ಎಣ್ಣೆಯನ್ನೇ ಬಿಡುವ ದಾರಿಯೂ ಈಗ ತೆರೆದಿದೆ. ಕೇರಳದ ವೈಕಂ, ತವಣಕ್ಕಡವುಗಳ ನಡುವೆ 2017ರ ಜನವರಿಯಲ್ಲಿ ‘ಆದಿತ್ಯ’ ಎಂಬ ಸೌರ ದೋಣಿ 75 ಜನರನ್ನು ಹೊತ್ತು ಓಡಾಟವನ್ನು ಆರಂಭಿಸಿತು. ಅದರ ಮಾಡಿನ ಮೇಲೆ 20 ಕಿಲೋವ್ಯಾಟಿನ ಸೌರಫಲಕಗಳಿದ್ದವು. ನಮ್ಮ ದೋಣಿಯ ಹತ್ತು ಚದರ ಮೀಟರಿನ ಮಾಡಿನಲ್ಲಿ ಒಂದೂಮುಕ್ಕಾಲು ಕಿಲೋವ್ಯಾಟಿನ ಫಲಕಗಳು ಹಿಡಿಸಬಹುದು. ಒಳ್ಳೆಯ ಬಿಸಿಲಿನ ದಿನ ಅವು 7 ಕಿಲೋವ್ಯಾಟ್-ಗಂಟೆಯನ್ನು ಕೊಟ್ಟಾವು. ಗಂಟೆಗೆ 8 ಕಿಲೋಮೀಟರಿನಂತೆ 50 ಕಿಲೋಮೀಟರಿಗೆ ಅದು ಸಾಕು. ಮಾಡಿನ ಮೇಲಿನ ಎರಡನೆಯ ಮಾಡೂ ಆ ಫಲಕಗಳೇ ಆದುವು! ಗಂಟೆಗೆ 30 ಕಿಲೋಮೀಟರು ಓಡಬೇಕೆಂಬವನಿಗೆ ಆ ದಿನದ ಬಿಸಿಲೆಲ್ಲ ಎಂಟೊಂಬತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ಬ್ಯಾಟರಿಯ ಬೆಲೆ ಹೆಚ್ಚೆಂಬುದು ನಿಜ. ಆಷಾಢದ ಮೋಡದಲ್ಲಿ ಮಲೆನಾಡಿನ ಸೂರ್ಯನನ್ನು ನಂಬುವುದೂ ಕಷ್ಟ.

ಎಣ್ಣೆಯ ಹೊರತಾದ ಖರ್ಚುಗಳನ್ನು ಯಜಮಾನನು ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. 2021ರ ಒಳನಾಡು ನೌಕಾ ಕಾಯಿದೆ 1917ರ ಹಳೆಯ ಕಾಯಿದೆಯ ಸ್ಥಾನಕ್ಕೆ ಬಂದಿದ್ದು, ಯಂತ್ರದಿಂದ ನಡೆಯುವ ನೌಕೆಗಳ ತಪಾಸಣೆ, ನೋಂದಣಿಗಳನ್ನು ವಿಧಿಸುತ್ತದೆ. ವಿಮೆ, ವರ್ಷಕ್ಕೊಮ್ಮೆ ದೋಣಿಯನ್ನು ದಡಕ್ಕೆಳೆದು ತಳವನ್ನು ಉಜ್ಜುವುದು, ಜೀವರಕ್ಷಕ ಕವಚಗಳು, ಕಾವಲು ಇವೆಲ್ಲ ದೋಣಿ ನಿಂತಿದ್ದರೂ ನಿಲ್ಲದ ಖರ್ಚುಗಳು. ನಿಧಾನವಾಗಿ ನಡೆಸುವವನಿಗೆ ಇವುಗಳ ಮುಂದೆ ಎಣ್ಣೆಯ ಖರ್ಚು ಕಿರಿದಾಗಿ ಕಾಣಬಹುದು.

ಕೊಳ್ಳುವ ಮುನ್ನ ಮಾರುವವನ ಮಾತನ್ನು ಪರೀಕ್ಷಿಸಲು ಒಂದು ಸುಲಭ ವಿಧಾನವಿದೆ. ನಿಂತ ನೀರಿನಲ್ಲಿ, ಗಾಳಿಯಿಲ್ಲದ ಬೆಳಿಗ್ಗೆ, ಅಳೆದ ಎಣ್ಣೆಯ ಚಿಕ್ಕ ಡಬ್ಬಿಯೊಂದರಿಂದ ಯಂತ್ರವನ್ನು ನಡೆಸಬೇಕು. ದಡದಲ್ಲಿ 1 ಕಿಲೋಮೀಟರು ಅಂತರದ ಎರಡು ಗುರುತುಗಳ ನಡುವೆ ಹೋಗಿ ಬಂದು ಹೊತ್ತನ್ನೂ ಇಳಿದ ಎಣ್ಣೆಯನ್ನೂ ಬರೆದುಕೊಳ್ಳಬೇಕು. ಯಂತ್ರದ ಸುತ್ತುಗಳನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಇದನ್ನು ಐದಾರು ಸಲ ಮಾಡಬೇಕು. ಆ ಅಂಕಿಗಳನ್ನು ಚೌಕುಳಿ ಕಾಗದದ ಮೇಲೆ ಗುರುತಿಸಿದರೆ ಗೆರೆ ಮೊದಲು ಮೆಲ್ಲನೆ ಏರಿ, ಒಂದು ಕಡೆ ಥಟ್ಟನೆ ಗೋಡೆಯಂತೆ ಮೇಲಕ್ಕೇಳುವುದು ಕಾಣುತ್ತದೆ. ಆ ತಿರುವಿನ ಸುತ್ತುಗಳ ಸಂಖ್ಯೆಯನ್ನು ಚುಕ್ಕಾಣಿಯ ಪಕ್ಕದಲ್ಲಿ ಕೆಂಪು ಬಣ್ಣದಿಂದ ಬರೆದಿಡಬೇಕು.